ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿ? ಎಲ್ಲ ಬ್ರೌಸರ್‌ಗಳಿಗೂ ಒಂದೇ ಡೀಬಗ್ ಸಾಧನ ಕಟ್ಟುವ ಬಗ್ಗೆ

ವೆಬ್ ಪುಟದ ದೋಷ ಹುಡುಕುವ ಸಾಧನಗಳನ್ನು ಕಟ್ಟುವವರಿಗೆ ಒಂದು ವಿಚಿತ್ರ ಪೇಚು ಎದುರಾಗುತ್ತದೆ. ಬ್ರೌಸರ್‌ನಿಂದ ಬ್ರೌಸರ್‌ಗೆ ಬದಲಾಗುವ ನಡವಳಿಕೆಯನ್ನು ಪತ್ತೆ ಹಚ್ಚಲೆಂದೇ ಸಾಧನ ಇರುವುದು. ಆದರೆ ಅದೂ ಅದೇ ಬ್ರೌಸರ್‌ಗಳೊಳಗೆ ಓಡಬೇಕಾದ ಪ್ರೋಗ್ರಾಂ ಆಗಿರುವುದರಿಂದ, ಆ ವ್ಯತ್ಯಾಸಗಳೆಲ್ಲ ಮೊದಲು ಅದನ್ನೇ ಕಾಡುತ್ತವೆ. ನಮ್ಮ ತಂಡದಲ್ಲಿ ಇಂಥ ಒಂದು ಸಾಧನವನ್ನು ನೋಡಿಕೊಳ್ಳುವ ಹೊಣೆ ನನ್ನದು. ದೊಡ್ಡ ದೊಡ್ಡ ಫಾರಂಗಳ ಒಳಸ್ಥಿತಿಯನ್ನು ತೋರಿಸುವ, ಬ್ರೌಸರ್‌ಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್ ಅದು; ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ನಾಲ್ಕರಲ್ಲೂ ಓಡಬೇಕೆಂಬುದು ಕರಾರು.

ಸಾಧನ ತೆರೆದುಕೊಳ್ಳುವ ಕಿಟಕಿಯನ್ನು, ಅಂದರೆ ಪ್ಯಾನೆಲನ್ನು, ಎಲ್ಲ ಕಡೆ ಒಂದೇ ರೀತಿ ಕಾಣುವಂತೆ ಮಾಡುವುದೇ ಇದರಲ್ಲಿ ಕಷ್ಟದ ಭಾಗವೆಂದು ಹೊಸಬರು ಭಾವಿಸುತ್ತಾರೆ. ಅದು ಹಾಗಲ್ಲ, ಪುಟದ ರೂಪವನ್ನು ಬರೆಯುವ ಇಂದಿನ ಸಿಎಸ್‌ಎಸ್‌ನಲ್ಲಿ ಅದು ಒಂದೆರಡು ದಿನದಲ್ಲಿ ಮುಗಿಯುವ ಕೆಲಸ. ಕಷ್ಟವಿರುವುದು ಪುಟಕ್ಕೂ ಸಾಧನಕ್ಕೂ ನಡುವಿನ ಗಡಿಯಲ್ಲಿ: ಸಾಧನ ಎಲ್ಲಿ ಕುಳಿತಿದೆ, ಅಲ್ಲಿಂದ ಅದಕ್ಕೆ ಏನು ಕಾಣುತ್ತದೆ, ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುವ ಅಧಿಕಾರ ಅದಕ್ಕೆ ಇದೆಯೇ ಎಂಬ ಪ್ರಶ್ನೆಗಳಲ್ಲಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರೌಸರ್‌ಗಳ ವ್ಯತ್ಯಾಸವನ್ನು ಮುಚ್ಚಿಡುವ ಡೀಬಗ್ ಸಾಧನ ನೋಡಲು ಎಷ್ಟೇ ಅಚ್ಚುಕಟ್ಟಾಗಿದ್ದರೂ ಕೆಲಸಕ್ಕೆ ಬಾರದು. ಸಫಾರಿಯಲ್ಲಿ ಮಾತ್ರ ಕಾಣಿಸುವ ದೋಷವನ್ನು ಹುಡುಕಲು ಹೊರಟವನಿಗೆ ಸಫಾರಿ ಏನು ಹೇಳಿತೆಂಬುದು ಬೇಕು, ಆ ಮಾತಿನಿಂದ ಕ್ರೋಮ್‌ಗೆ ಹೊಂದದ್ದನ್ನೆಲ್ಲ ಸೋಸಿ ತೆಗೆದ ಸಾರಾಂಶವಲ್ಲ.

ಇತಿಹಾಸವನ್ನು ಸ್ವಲ್ಪ ನೋಡಿದರೆ ಇದು ಹೊಸ ಸಮಸ್ಯೆಯಲ್ಲವೆಂದು ತಿಳಿಯುತ್ತದೆ. 2006ರ ಜನವರಿಯಲ್ಲಿ ಜೋ ಹೆವಿಟ್ ಫೈರ್‌ಫಾಕ್ಸ್‌ಗಾಗಿ ಫೈರ್‌ಬಗ್ ಎಂಬ ಎಕ್ಸ್‌ಟೆನ್ಷನ್ ಬಿಡುಗಡೆ ಮಾಡಿದರು. ಪುಟದ ರಚನೆ, ಶೈಲಿ, ನೆಟ್‌ವರ್ಕ್ ಬೇಡಿಕೆಗಳು, ಸ್ಕ್ರಿಪ್ಟ್ ಇವೆಲ್ಲ ಒಂದೇ ಕಿಟಕಿಯಲ್ಲಿ ಕಾಣಿಸುವ ಇಂದಿನ ವಿನ್ಯಾಸವನ್ನು ಬಳಕೆಗೆ ತಂದದ್ದು ಅದೇ. ಆದರೆ ಆಗ ಬಹುಪಾಲು ಬಳಕೆದಾರರು ಇದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ, ದೋಷಗಳು ಹೆಚ್ಚಾಗಿ ಕಾಣಿಸುತ್ತಿದ್ದದ್ದೂ ಅಲ್ಲೇ. ಒಳ್ಳೆಯ ಸಾಧನ ಒಂದು ಕಡೆ, ರೋಗ ಇನ್ನೊಂದು ಕಡೆ. ಈ ಅಂತರ ತುಂಬಲು ಬಂದದ್ದು ಫೈರ್‌ಬಗ್ ಲೈಟ್: ಪುಟಕ್ಕೆ ಒಂದು ಸ್ಕ್ರಿಪ್ಟ್ ಸೇರಿಸಿದರೆ ಅಥವಾ ಬುಕ್‌ಮಾರ್ಕ್ ಒಂದನ್ನು ಒತ್ತಿದರೆ, ಪುಟದೊಳಗೇ ಫೈರ್‌ಬಗ್‌ನಂತೆ ಕಾಣುವ ಪ್ಯಾನೆಲ್ ತೆರೆದುಕೊಳ್ಳುತ್ತಿತ್ತು. ಎಕ್ಸ್‌ಪ್ಲೋರರ್, ಒಪೇರಾ, ಸಫಾರಿ ಎಲ್ಲೆಡೆಯೂ ಅದು ನಡೆಯುತ್ತಿತ್ತು. ಮುಖ್ಯವಾಗಿ ಇಲ್ಲದ್ದು ಬ್ರೇಕ್‌ಪಾಯಿಂಟ್, ಅಂದರೆ ಗೊತ್ತುಮಾಡಿದ ಸಾಲಿಗೆ ಬಂದಾಗ ಪ್ರೋಗ್ರಾಮನ್ನು ತಡೆದು ನಿಲ್ಲಿಸುವ ಗುರುತು.

ಏಕೆ ಇಲ್ಲವೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ವಿಷಯದ ತಿರುಳು ಅಲ್ಲಿದೆ. ಪುಟದ ಜಾವಾಸ್ಕ್ರಿಪ್ಟ್ ಒಂದೇ ಎಳೆಯಲ್ಲಿ ಓಡುತ್ತದೆ. ಪುಟದೊಳಗೆ ಕುಳಿತ ಸಾಧನವೂ ಅದೇ ಎಳೆಯಲ್ಲಿ ಓಡುವ ಜಾವಾಸ್ಕ್ರಿಪ್ಟ್. ನಲವತ್ತನೆಯ ಸಾಲಿನಲ್ಲಿ ಪ್ರೋಗ್ರಾಮನ್ನು ನಿಲ್ಲಿಸಬೇಕೆಂದರೆ ಆ ಎಳೆ ನಿಲ್ಲಬೇಕು. ಎಳೆ ನಿಂತರೆ ಸಾಧನದ ಗುಂಡಿಗಳೂ ಸತ್ತು ಹೋಗುತ್ತವೆ, 'ಮುಂದುವರಿ' ಎಂದು ಹೇಳುವವರೇ ಉಳಿಯುವುದಿಲ್ಲ. ಕುಳಿತ ಕೊಂಬೆಯನ್ನೇ ಕಡಿದಂತೆ. ಆದ್ದರಿಂದ ಪುಟದೊಳಗಿನ ಸಾಧನ ಎಷ್ಟೇ ಜಾಣತನದಿಂದ ಬರೆದಿದ್ದರೂ ಅದು ನೋಡಬಲ್ಲದು, ಬರೆದಿಡಬಲ್ಲದು, ಬದಲಿಸಬಲ್ಲದು, ತಡೆದು ನಿಲ್ಲಿಸಲಾರದು. ಆಮೇಲೆ ಮೊಬೈಲ್ ವೆಬ್‌ಗಾಗಿ ಬಂದ ವೈನರಿಗೂ, ಇಂದು ಫೋನ್ ಪರದೆಯ ಮೂಲೆಯಲ್ಲಿ ಪುಟ್ಟ ಗುಂಡಿಯಾಗಿ ಕೂರುವ ಎರುಡಾ ಮತ್ತು ವಿಕನ್ಸೋಲ್‌ಗಳಿಗೂ ಇದೇ ಮಿತಿ. ವೈನರಿ, ಸಫಾರಿಯೊಳಗಿನ ಎಂಜಿನ್ ಆದ ವೆಬ್‌ಕಿಟ್‌ನ ಇನ್ಸ್‌ಪೆಕ್ಟರ್ ಪ್ಯಾನೆಲ್ಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಫೋನಿನ ಪುಟಕ್ಕೆ ಸೇರಿಸಿದ ಸ್ಕ್ರಿಪ್ಟಿನ ಜೊತೆ ಸರ್ವರ್ ಮೂಲಕ ಮಾತನಾಡುತ್ತಿತ್ತು. ಪ್ಯಾನೆಲ್ ಹೊರಗೆ ಹೋಯಿತು, ಆದರೆ ಕಣ್ಣು ಪುಟದೊಳಗೇ ಉಳಿಯಿತು. ಹೀಗಾಗಿ ಅದರಲ್ಲೂ ಸ್ಕ್ರಿಪ್ಟ್ ನಿಲ್ಲಿಸುವ ಸೌಲಭ್ಯ ಬರಲಿಲ್ಲ.

ಹಾಗೆಂದು ಪುಟದೊಳಗಿನ ಸಾಧನಗಳನ್ನು ನಾನು ಹೀಗಳೆಯುವುದಿಲ್ಲ. ಕಸ್ಟಮರ್ ಕೈಯಲ್ಲಿರುವ ಫೋನಿನಲ್ಲಿ ಮಾತ್ರ ಬರುವ ದೋಷಕ್ಕೆ ಇಂದಿಗೂ ಅವೇ ಗತಿ. ಆದರೆ ಅವುಗಳ ಅಡಿಪಾಯವಾದ ಕನ್ಸೋಲ್ (ಪ್ರೋಗ್ರಾಂ ತನ್ನ ಟಿಪ್ಪಣಿಗಳನ್ನು ಬರೆಯುವ ಜಾಗ) ಕೂಡ ಎಲ್ಲ ಕಡೆ ಒಂದೇ ರೀತಿ ಇರಲಿಲ್ಲವೆಂಬುದನ್ನು ಹಳಬರು ಮರೆತಿರಲಾರರು. ಎಕ್ಸ್‌ಪ್ಲೋರರ್ 8 ಮತ್ತು 9ರಲ್ಲಿ ಡೆವಲಪರ್ ಟೂಲ್ಸ್ ತೆರೆಯುವ ತನಕ ಕನ್ಸೋಲ್ ಎಂಬ ಆಬ್ಜೆಕ್ಟೇ ಇರುತ್ತಿರಲಿಲ್ಲ. ಕೋಡಿನಲ್ಲಿ ಮರೆತುಬಿಟ್ಟ ಒಂದು ಕನ್ಸೋಲ್.ಲಾಗ್ ಸಾಲು ಬಳಕೆದಾರರ ಮುಂದೆ ಪುಟವನ್ನು ಮುರಿಯುತ್ತಿತ್ತು, ಏನಾಯಿತೆಂದು ನೋಡಲು ಡೆವಲಪರ್ ಟೂಲ್ಸ್ ತೆರೆದ ಕೂಡಲೇ ದೋಷ ಮಾಯವಾಗುತ್ತಿತ್ತು. ಇಂದು ಕನ್ಸೋಲ್‌ಗೆ, ವೆಬ್‌ನ ನಿಯಮಗಳನ್ನು ರೂಪಿಸುವ ವಾಟ್‌ವಿಜಿ ಗುಂಪಿನ ಒಂದು ಸ್ಟ್ಯಾಂಡರ್ಡ್ ಇದೆ, ಯಾವ ಹೆಸರಿನ ಫಂಕ್ಷನ್‌ಗಳಿರಬೇಕೆಂದು ಅದು ಹೇಳುತ್ತದೆ; ತೆರೆಯ ಮೇಲೆ ಹೇಗೆ ತೋರಿಸಬೇಕೆಂಬುದನ್ನು ಬಹುಮಟ್ಟಿಗೆ ಆಯಾ ಬ್ರೌಸರ್‌ಗೇ ಬಿಡುತ್ತದೆ. ಅಷ್ಟು ಸಾಕು ಎಂಬುದು ನನ್ನ ಎಣಿಕೆ.

ಪುಟದ ಹೊರಗೆ ನಿಂತು, ಪುಟವನ್ನು ಓಡಿಸುವ ಬ್ರೌಸರ್‌ನ ಎಂಜಿನ್‌ಗೇ ಆಜ್ಞೆ ಕೊಡುವುದು ಎರಡನೆಯ ದಾರಿ. ಇಲ್ಲಿ ನಿಲ್ಲಿಸುವ ಅಧಿಕಾರ ಸಿಗುತ್ತದೆ, ಆದರೆ ಪ್ರತಿ ಎಂಜಿನ್‌ಗೂ ತನ್ನದೇ ಪ್ರೋಟೋಕಾಲ್, ಅಂದರೆ ಮಾತುಕತೆಯ ನಿಯಮಗಳು. ಕ್ರೋಮ್‌ನದು ಕ್ರೋಮ್ ಡೆವ್‌ಟೂಲ್ಸ್ ಪ್ರೋಟೋಕಾಲ್, ಎಲ್ಲರ ಬಾಯಲ್ಲಿ ಸಿಡಿಪಿ. ರಿಮೋಟ್ ಡೀಬಗ್ಗಿಂಗ್ ಪೋರ್ಟನ್ನು ರೂಢಿಯಂತೆ 9222 ಎಂದು ಕೊಟ್ಟು ಬ್ರೌಸರ್ ಚಾಲೂ ಮಾಡಿದರೆ, ವೆಬ್‌ಸಾಕೆಟ್ ಎಂಬ ಸದಾ ತೆರೆದ ಸಂಪರ್ಕದ ಮೂಲಕ ಜೇಸನ್ ಎಂಬ ಪಠ್ಯರೂಪದ ಸಂದೇಶಗಳು ಹೋಗಿ ಬರುತ್ತವೆ: ಪ್ರತಿ ಬೇಡಿಕೆಗೂ ಒಂದು ಸಂಖ್ಯೆ, ಒಂದು ಮೆಥಡ್ ಹೆಸರು, ಅದರ ವಿವರಗಳು. ಸಫಾರಿಯ ಪ್ರೋಟೋಕಾಲ್ ಇದರ ದಾಯಾದಿ. 2013ರಲ್ಲಿ ಗೂಗಲ್ ವೆಬ್‌ಕಿಟ್‌ನಿಂದ ಕವಲೊಡೆದು ಬ್ಲಿಂಕ್ ಎಂಬ ತನ್ನದೇ ಎಂಜಿನ್ ಮಾಡಿಕೊಂಡ ಮೇಲೆ ಎರಡೂ ಬೇರೆ ಬೇರೆ ದಿಕ್ಕಿಗೆ ಬೆಳೆದವು. ಮೆಥಡ್‌ಗಳ ಹೆಸರುಗಳಲ್ಲಿ ಎಷ್ಟೋ ಇನ್ನೂ ಒಂದೇ ಆಗಿದ್ದು, ಒಳಗಿನ ವಿವರಗಳು ಹೊಂದುವುದಿಲ್ಲ. ಪೂರ್ತಿ ಬೇರೆಯಾಗಿದ್ದರೆ ಇಷ್ಟು ತೊಂದರೆ ಇರುತ್ತಿರಲಿಲ್ಲ, ಪರಿಚಿತ ಹೆಸರು ನೋಡಿ ನಂಬಿ ಕೆಡುವುದೇ ಹೆಚ್ಚು. ಫೈರ್‌ಫಾಕ್ಸ್‌ನದು ಸಂಪೂರ್ಣ ಬೇರೆ ಜಾತಿ. ಅದರಲ್ಲಿ ಆಕ್ಟರ್‌ಗಳೆಂಬ ಪಾತ್ರಧಾರಿಗಳಿದ್ದು, ಪ್ರತಿ ಸಂದೇಶವೂ ಯಾವ ಆಕ್ಟರ್‌ಗೆ ಹೋಗಬೇಕೆಂದು ಹೇಳುತ್ತದೆ, ಸಂದೇಶಕ್ಕಿಂತ ಮೊದಲು ಅದರ ಉದ್ದವನ್ನು ಬರೆದು ಕಳಿಸಬೇಕು.

ಒಂದೇ ಕೆಲಸವನ್ನು ಹತ್ತಿರದಿಂದ ನೋಡೋಣ: ಒಂದು ಕಡತದ ಒಂದು ಸಾಲಿನಲ್ಲಿ ಬ್ರೇಕ್‌ಪಾಯಿಂಟ್ ಇಡುವುದು. ಸಿಡಿಪಿಯಲ್ಲಿ ಯುಆರ್‌ಎಲ್ ಮತ್ತು ಸಾಲಿನ ಸಂಖ್ಯೆ ಕೊಟ್ಟರೆ ಸಾಕು, ಕಡತ ಇನ್ನೂ ಲೋಡ್ ಆಗದಿದ್ದರೂ ನಡೆಯುತ್ತದೆ. ಆದರೆ ಸಿಡಿಪಿ ಸಾಲುಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಎಡಿಟರ್‌ನಲ್ಲಿ ಕಾಣುವ ನಲವತ್ತನೆಯ ಸಾಲು ಅದಕ್ಕೆ 39. ಫೈರ್‌ಫಾಕ್ಸ್‌ನ ಪ್ರೋಟೋಕಾಲ್ ಒಂದರಿಂದ ಎಣಿಸುತ್ತದೆ. ಕುಗ್ಗಿಸಿದ ಕೋಡನ್ನು ಮೂಲ ಕೋಡಿಗೆ ಹೊಂದಿಸುವ ನಕ್ಷೆಯಾದ ಸೋರ್ಸ್ ಮ್ಯಾಪ್ ಓದುವ ಮೊಝಿಲ್ಲಾದ ಪ್ರಸಿದ್ಧ ಲೈಬ್ರರಿಯಲ್ಲಿ ಸಾಲು ಒಂದರಿಂದ ಶುರು, ಕಾಲಂ ಸೊನ್ನೆಯಿಂದ ಶುರು. ಕ್ರೋಮ್‌ನ ಎರರ್ ಸ್ಟ್ಯಾಕ್‌ನಲ್ಲಿ (ತಪ್ಪಾದ ಜಾಗಕ್ಕೆ ತಂದ ಕರೆಗಳ ಪಟ್ಟಿಯಲ್ಲಿ) ಬರೆದಿರುವ ಸಾಲು, ಕಾಲಂ ಎರಡೂ ಒಂದರಿಂದ. ಒಂದೇ ಬ್ರೌಸರ್‌ನ ಎರಡು ಬಾಯಿಗಳಲ್ಲೇ ಲೆಕ್ಕ ಬೇರೆ! ನಮ್ಮ ಕೋಡಿನಲ್ಲಿ ಬರಿಯ ಅಂಕಿಯಾಗಿ ಸಾಲಿನ ಸಂಖ್ಯೆ ಎಲ್ಲಿಯೂ ಓಡಾಡುವಂತಿಲ್ಲ. ಯಾವ ಮೂಲದಿಂದ ಬಂದ ಅಂಕಿ ಎಂಬುದು ಅದರ ಟೈಪ್‌ನಲ್ಲೇ ಇರಬೇಕು. ಜಾವಾಸ್ಕ್ರಿಪ್ಟ್‌ಗೆ ಟೈಪ್‌ಗಳನ್ನು ಸೇರಿಸುವ ಟೈಪ್‌ಸ್ಕ್ರಿಪ್ಟ್ ನನಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ಇಲ್ಲೇ ಇರಬೇಕು.

ಈ ಪ್ರೋಟೋಕಾಲ್‌ಗಳ ನಡುವೆ ದುಭಾಷಿಗಳನ್ನು ಕೂರಿಸುವ ಪ್ರಯತ್ನಗಳು ಹಲವು ನಡೆದವು. 2014ರ ನವೆಂಬರ್‌ನಲ್ಲಿ ಮೊಝಿಲ್ಲಾ ಫೈರ್‌ಫಾಕ್ಸ್ ಡೆವಲಪರ್ ಎಡಿಷನ್ ಹೊರತಂದಾಗ ಅದರೊಡನೆ ವೇಲೆನ್ಸ್ ಎಂಬ ಅಡಾಪ್ಟರ್ ಬಂತು. ಫೈರ್‌ಫಾಕ್ಸ್‌ನ ಪರಿಚಿತ ಪ್ಯಾನೆಲಿನಿಂದಲೇ ಆಂಡ್ರಾಯ್ಡ್‌ನ ಕ್ರೋಮ್ ಮತ್ತು ಐಒಎಸ್‌ನ ಸಫಾರಿಯನ್ನು ಡೀಬಗ್ ಮಾಡಬಹುದೆಂಬುದು ಅದರ ಭರವಸೆ. ರಿಮೋಟ್‌ಡೀಬಗ್ ಎಂಬ ಇನ್ನೊಂದು ಪ್ರಯತ್ನ ಎಲ್ಲ ಬ್ರೌಸರ್‌ಗಳೂ ಒಂದೇ ಪ್ರೋಟೋಕಾಲ್‌ಗೆ ಬರಲಿ ಎಂದು ವಾದಿಸಿತು, ಅಡಾಪ್ಟರ್‌ಗಳನ್ನೂ ಕೊಟ್ಟಿತು. ಮೈಕ್ರೋಸಾಫ್ಟ್ ತನ್ನ ಹಳೆಯ ಎಡ್ಜ್‌ಗೆ ಸಿಡಿಪಿ ಆಡಿಸುವ ಅಡಾಪ್ಟರ್ ಬರೆಯಿತು. ಇವುಗಳಲ್ಲಿ ಯಾವುದೂ ಗಟ್ಟಿಯಾಗಿ ನೆಲೆಯೂರಲಿಲ್ಲ. ಒಂದು ಕಾರಣ ಎಲ್ಲರೂ ಹೇಳುವಂಥದು: ಬ್ರೌಸರ್‌ಗಳು ಕೆಲವೇ ವಾರಗಳಿಗೊಮ್ಮೆ ಬದಲಾಗುತ್ತವೆ, ಅಡಾಪ್ಟರ್ ಬರೆಯುವ ಕೈಗಳು ಕೆಲವೇ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಕಾರಣ ಬೇರೆ. ಅಡಾಪ್ಟರ್ ಎರಡೂ ಕಡೆ ಸಮಾನವಾಗಿರುವುದನ್ನು ಮಾತ್ರ ದಾಟಿಸಬಲ್ಲದು, ಬಳಕೆದಾರ ಆ ಬ್ರೌಸರ್‌ನ ಮುಂದೆ ಹೋಗಿ ಕುಳಿತದ್ದು ಸಮಾನವಲ್ಲದ್ದನ್ನು ನೋಡಲು.

ಕನ್ನಡ ಪುಟಗಳ ಅಕ್ಷರಗಳನ್ನೇ ತೆಗೆದುಕೊಳ್ಳಿ. ಪುಟದ ಒಂದು ಸಾಲು ಬೇರೆ ಫಾಂಟ್‌ನಲ್ಲಿ ಕಾಣುತ್ತಿದೆಯೆಂಬ ದೂರು ಬಂದಾಗ, ಕ್ರೋಮ್ ಕಂಪ್ಯೂಟೆಡ್ ವಿಭಾಗದ ಕೊನೆಯಲ್ಲಿ ಆಯ್ದ ಎಲಿಮೆಂಟಿಗೆ ನಿಜವಾಗಿ ಬಳಸಿದ ಫಾಂಟ್‌ಗಳ ಹೆಸರನ್ನೂ, ಪ್ರತಿಯೊಂದರಿಂದ ಎಷ್ಟು ಗ್ಲಿಫ್ (ಅಕ್ಷರರೂಪ) ಬಂದಿವೆ ಎಂಬುದನ್ನೂ ಕೊಡುತ್ತದೆ. ಫೈರ್‌ಫಾಕ್ಸ್‌ಗೆ ಫಾಂಟ್‌ಗಳದ್ದೇ ಒಂದು ಟ್ಯಾಬ್ ಇದೆ, ಅಲ್ಲಿ ಹೆಸರಿನ ಮೇಲೆ ಮೌಸ್ ಇಟ್ಟರೆ ಪುಟದಲ್ಲಿ ಆ ಫಾಂಟ್ ಬಿದ್ದಿರುವ ಪಠ್ಯ ಎದ್ದು ಕಾಣುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ಆಪಲ್‌ನಲ್ಲಿ ಕನ್ನಡ ಸಂಗಮ್ ಎಂದು ಒಂದೊಂದು ಕಡೆ ಒಂದೊಂದು ಫಾಂಟ್ ಕೈಗೆ ಸಿಗುವುದರಿಂದ ಈ ತಪಾಸಣೆ ನಮಗೆ ಬೇಕೇ ಬೇಕು. ಒಂದು ಸಾಧನ 'ಎಷ್ಟು' ಎಂಬುದಕ್ಕೆ ಉತ್ತರಿಸುತ್ತದೆ, ಇನ್ನೊಂದು 'ಎಲ್ಲಿ' ಎಂಬುದಕ್ಕೆ. ಎರಡನ್ನೂ ಒಂದೇ ಪ್ಯಾನೆಲ್‌ಗೆ ಇಳಿಸಲು ಹೊರಟರೆ ಉಳಿಯುವುದು ಫಾಂಟ್‌ನ ಹೆಸರು ಮಾತ್ರ.

ನಡುವೆ ಇನ್ನೊಂದು ಬೆಳವಣಿಗೆ ಸದ್ದಿಲ್ಲದೆ ಈ ಚರ್ಚೆಯನ್ನು ಹಗುರ ಮಾಡಿತು. ಒಪೇರಾ 2013ರಲ್ಲಿ ತನ್ನ ಪ್ರೆಸ್ಟೋ ಎಂಜಿನನ್ನು ಕೈಬಿಟ್ಟು, ಕ್ರೋಮ್‌ನ ಮುಕ್ತ ತಳಹದಿಯಾದ ಕ್ರೋಮಿಯಂಗೆ ಬಂತು, ಅದರ ಡ್ರ್ಯಾಗನ್‌ಫ್ಲೈ ಎಂಬ ಒಳ್ಳೆಯ ಡೀಬಗ್ ಸಾಧನವೂ ಹೋಯಿತು. ಮೈಕ್ರೋಸಾಫ್ಟ್ 2018ರ ಡಿಸೆಂಬರ್‌ನಲ್ಲಿ ಘೋಷಿಸಿ 2020ರ ಜನವರಿಯಲ್ಲಿ ಕ್ರೋಮಿಯಂ ಆಧಾರದ ಎಡ್ಜನ್ನು ಹೊರತಂದಿತು. ಇಂದು ಸಿಡಿಪಿ ಬಲ್ಲ ಸಾಧನ ಹೆಚ್ಚಿನ ಡೆಸ್ಕ್‌ಟಾಪ್ ಬ್ರೌಸರ್‌ಗಳಲ್ಲಿ ನಡೆಯುತ್ತದೆಂದರೆ ಅದು ಯಾರೂ ಕೂತು ಒಪ್ಪಂದ ಮಾಡಿಕೊಂಡಿದ್ದರಿಂದಲ್ಲ, ಎದುರಾಳಿಗಳು ಕಡಿಮೆಯಾದದ್ದರಿಂದ. ನನ್ನ ಕೆಲಸ ಇದರಿಂದ ಸುಲಭವಾಗಿದೆ. ಹಾಗೆಂದು ಸಂತೋಷಪಡುವ ಸಂಗತಿ ಇದೆಂದು ನನಗೆ ಅನ್ನಿಸುವುದಿಲ್ಲ.

ಪುಟದೊಳಗೆ ಕೂರುವುದು, ಹೊರಗೆ ನಿಂತು ಎಂಜಿನ್‌ಗೆ ಆಜ್ಞೆ ಕೊಡುವುದು, ಇವೆರಡರ ನಡುವಿನ ದಾರಿ ಎಕ್ಸ್‌ಟೆನ್ಷನ್, ನಾವು ಹಿಡಿದದ್ದೂ ಅದೇ. ಬ್ರೌಸರ್‌ನ ಡೆವಲಪರ್ ಟೂಲ್ಸ್, ಅಂದರೆ ಡೆವ್‌ಟೂಲ್ಸ್‌ನೊಳಗೆ ನಮ್ಮದೊಂದು ಪ್ಯಾನೆಲ್ ಸೇರಿಸಲು ಕರೆಯಬಹುದಾದ ಫಂಕ್ಷನ್‌ಗಳ ಗುಂಪು, ಎಪಿಐ, ಕ್ರೋಮ್‌ನಲ್ಲಿ ಬಹಳ ಹಿಂದಿನಿಂದ ಇದೆ, ಫೈರ್‌ಫಾಕ್ಸ್‌ನಲ್ಲಿ 2017ರಿಂದ ಬಂತು, ಸಫಾರಿಯಲ್ಲಿ 2022ರ 16ನೇ ಆವೃತ್ತಿಯಲ್ಲಿ ಬಂತು. ಮೂರೂ ಕಡೆ ಹೆಸರುಗಳು ಒಂದೇ ಆಗಿರುವುದರಿಂದ ಮೊದಲ ವಾರ ಎಲ್ಲವೂ ಸರಾಗವಾಗಿ ನಡೆಯುತ್ತದೆ. ವ್ಯತ್ಯಾಸಗಳು ಆಮೇಲೆ ಒಂದೊಂದಾಗಿ ತಲೆ ಎತ್ತುತ್ತವೆ.

ಮೊದಲನೆಯದು, ಪ್ಯಾನೆಲಿನಿಂದ ಪುಟದಲ್ಲಿ ಒಂದು ಎಕ್ಸ್‌ಪ್ರೆಷನ್ ಓಡಿಸುವ ಇವ್ಯಾಲ್ ಫಂಕ್ಷನ್. ಕ್ರೋಮ್‌ನ ಹಳೆಯ ರೂಢಿಯಲ್ಲಿ ಅದು ಕಾಲ್‌ಬ್ಯಾಕ್‌ಗೆ ಉತ್ತರ ಒಂದು, ತಪ್ಪಿನ ಮಾಹಿತಿ ಒಂದು ಎಂದು ಎರಡು ಆರ್ಗ್ಯುಮೆಂಟ್ ಕೊಡುತ್ತದೆ. ಫೈರ್‌ಫಾಕ್ಸ್ ಪ್ರಾಮಿಸ್ ಹಿಂತಿರುಗಿಸುತ್ತದೆ, ಅದರೊಳಗೆ ಎರಡು ಅಂಶಗಳ ಅರೇ. ಇದಕ್ಕೆ ಹೊದಿಕೆ ಬರೆಯುವುದು ಐದು ನಿಮಿಷದ ಕೆಲಸ, ಮುಂದಿನದು ಅಷ್ಟು ಸುಲಭವಲ್ಲ. ಎಕ್ಸ್‌ಟೆನ್ಷನ್‌ನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸಂದೇಶ ಕಳಿಸುವಾಗ ಕ್ರೋಮ್ ಮೊದಲಿನಿಂದಲೂ ಅದನ್ನು ಜೇಸನ್ ಮಾಡಿ ದಾಟಿಸುತ್ತ ಬಂದಿದೆ, ಫೈರ್‌ಫಾಕ್ಸ್ ಬೆಲೆಗಳ ಜಾತಿಯನ್ನೂ ಉಳಿಸಿ ನಕಲಿಸುವ ಸ್ಟ್ರಕ್ಚರ್ಡ್ ಕ್ಲೋನ್ ಬಳಸುತ್ತದೆ. ಫಾರಂನ ಸ್ಥಿತಿಯಲ್ಲಿ ಒಂದು ಮ್ಯಾಪ್ (ಕೀ ಎಂಬ ಹೆಸರು ಮತ್ತು ಅದರ ಬೆಲೆಗಳ ಜೋಡಿಪಟ್ಟಿ) ಇದೆಯೆನ್ನಿ: ಫೈರ್‌ಫಾಕ್ಸ್‌ನಲ್ಲಿ ಅದು ಮ್ಯಾಪ್ ಆಗಿಯೇ ಪ್ಯಾನೆಲ್ ತಲುಪುತ್ತದೆ, ಕ್ರೋಮ್‌ನಲ್ಲಿ ಖಾಲಿ ಆಬ್ಜೆಕ್ಟ್ ಆಗಿ ತಲುಪುತ್ತದೆ. ಸಂಖ್ಯೆಯಲ್ಲದ ನ್ಯಾನ್ ಅಲ್ಲಿ ನಲ್ ಆಗುತ್ತದೆ, ಅನ್‌ಡಿಫೈನ್ಡ್ ಬೆಲೆಯಿರುವ ಕೀ ಕಾಣೆಯಾಗುತ್ತದೆ. ಫಾರಂನಲ್ಲಿ 'ಬೆಲೆ ಇಲ್ಲ' ಮತ್ತು 'ಕೀಯೇ ಇಲ್ಲ' ಎಂಬುದರ ವ್ಯತ್ಯಾಸವೇ ಎಷ್ಟೋ ಸಲ ದೋಷವಾಗಿರುವುದರಿಂದ, ಡೀಬಗ್ ಸಾಧನ ಇದನ್ನು ನುಂಗುವಂತಿಲ್ಲ. ಹಾಗಾಗಿ ನಾವು ಪುಟದ ಕಡೆಯಲ್ಲೇ ಪ್ರತಿ ಬೆಲೆಗೂ ಅದರ ಜಾತಿಯನ್ನು ಅಂಟಿಸಿ, ಒಂದೇ ಸ್ಟ್ರಿಂಗ್ ಮಾಡಿ ಕಳಿಸುತ್ತೇವೆ. ನಡುವಿನ ದಾರಿ ಯಾವುದಾದರೂ ಇರಲಿ, ಸ್ಟ್ರಿಂಗ್ ಸ್ಟ್ರಿಂಗ್ ಆಗಿಯೇ ತಲುಪುತ್ತದೆ.

ಮೂರನೆಯದು ಫೈರ್‌ಫಾಕ್ಸ್‌ನ ಎಕ್ಸ್‌ರೇ ದೃಷ್ಟಿ. ಅಲ್ಲಿ ಕಂಟೆಂಟ್ ಸ್ಕ್ರಿಪ್ಟ್‌ಗೆ, ಅಂದರೆ ಪುಟದ ಜೊತೆ ಓಡುವ ಎಕ್ಸ್‌ಟೆನ್ಷನ್‌ನ ಸ್ಕ್ರಿಪ್ಟ್‌ಗೆ, ಪುಟದ ಡಾಮ್ (ಎಲಿಮೆಂಟ್‌ಗಳ ರಚನೆ) ಅದರ ಮೂಲರೂಪದಲ್ಲಿ ಮಾತ್ರ ಕಾಣುತ್ತದೆ, ಪುಟದ ಸ್ಕ್ರಿಪ್ಟ್‌ಗಳು ವಿಂಡೋ ಆಬ್ಜೆಕ್ಟಿಗೆ ಅಂಟಿಸಿದ ಯಾವುದೂ ಕಾಣುವುದಿಲ್ಲ. ಪುಟದ ಕಿಡಿಗೇಡಿತನದಿಂದ ಎಕ್ಸ್‌ಟೆನ್ಷನನ್ನು ರಕ್ಷಿಸಲು ಮಾಡಿದ ಒಳ್ಳೆಯ ವ್ಯವಸ್ಥೆ ಅದು, ಆದರೆ ನಮಗೆ ಬೇಕಾದದ್ದು ಪುಟ ಅಂಟಿಸಿದ ವಸ್ತುವೇ. ವೆಬ್ ಪುಟ ಕಟ್ಟುವ ಲೈಬ್ರರಿಯಾದ ರಿಯಾಕ್ಟ್‌ನ ಡೆವ್‌ಟೂಲ್ಸ್ ಮೊದಲಾದವೂ ವಿಂಡೋದ ಮೇಲೆ ಒಂದು ಗೊತ್ತಾದ ಹೆಸರಿನ ಕೊಕ್ಕೆಯನ್ನು ಪುಟದ ಸ್ಕ್ರಿಪ್ಟ್‌ಗಳಿಗಿಂತ ಮೊದಲೇ ಸಿಕ್ಕಿಸಿ ಕೆಲಸ ಮಾಡುತ್ತವೆ. ಅದಕ್ಕಾಗಿ ಹಿಂದೆ ಎಲ್ಲರೂ ಪುಟಕ್ಕೆ ಸ್ಕ್ರಿಪ್ಟ್ ಟ್ಯಾಗ್ ತುರುಕುತ್ತಿದ್ದರು, ಪುಟದ ಭದ್ರತಾ ನೀತಿ ಬಿಗಿಯಾಗಿದ್ದರೆ ಫೈರ್‌ಫಾಕ್ಸ್‌ನಲ್ಲಿ ಅದೂ ತಡೆಯಾಗುತ್ತಿತ್ತು. ಎಕ್ಸ್‌ಟೆನ್ಷನ್‌ನ ವಿವರಗಳ ಕಡತವಾದ ಮ್ಯಾನಿಫೆಸ್ಟ್‌ನಲ್ಲೇ 'ಇದನ್ನು ಪುಟದ ಮುಖ್ಯ ಲೋಕದಲ್ಲಿ ಓಡಿಸು' ಎಂದು ಬರೆಯುವ ಸೌಲಭ್ಯ ಕ್ರೋಮ್ 111ರಲ್ಲಿ, ಅಂದರೆ 2023ರಲ್ಲಿ ಬಂತು. ಫೈರ್‌ಫಾಕ್ಸ್ 128ರಲ್ಲಿ, 2024ರ ಜುಲೈನಲ್ಲಿ ಬಂತು. ಆ ದಿನ ನಾವು ಅಳಿಸಿದ ಕೋಡಿನಷ್ಟು ಕೋಡನ್ನು ಬೇರೆ ಯಾವ ದಿನವೂ ಅಳಿಸಿದ ನೆನಪಿಲ್ಲ.

ಸಫಾರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಲ್ಲಿ ಎಕ್ಸ್‌ಟೆನ್ಷನ್ ಒಂದು ಆಪ್‌ನೊಳಗೆ ಕೂರಬೇಕು. ಆಪಲ್‌ನ ಆಪ್ ಅಂಗಡಿಯಲ್ಲಿಡಲು ವರ್ಷಕ್ಕೆ 99 ಡಾಲರ್‌ನ ಸದಸ್ಯತ್ವ ಬೇಕು. ಕೋಡಿಗಿಂತ ಕಚೇರಿಯ ಅನುಮೋದನೆಗಳಿಗೇ ಹೆಚ್ಚು ಸಮಯ ಹೋಯಿತು.

ಎಕ್ಸ್‌ಟೆನ್ಷನ್‌ನಿಂದ ಬ್ರೇಕ್‌ಪಾಯಿಂಟ್ ಇಡಬಹುದೇ ಎಂದು ಕೇಳುವವರಿಗೆ: ಕ್ರೋಮಿಯಂ ಬ್ರೌಸರ್‌ಗಳಲ್ಲಿ ಡೀಬಗರ್ ಎಂಬ ಎಪಿಐ ಎಕ್ಸ್‌ಟೆನ್ಷನ್‌ಗೆ ಸಿಡಿಪಿಯನ್ನೇ ತೆರೆದುಕೊಡುತ್ತದೆ, ಜೊತೆಗೆ 'ಈ ಬ್ರೌಸರನ್ನು ಡೀಬಗ್ ಮಾಡಲಾಗುತ್ತಿದೆ' ಎಂಬ ಎಚ್ಚರಿಕೆಯ ಪಟ್ಟಿ ಮೇಲೆ ಕಾಣಿಸಿಕೊಳ್ಳುತ್ತದೆ. ಫೈರ್‌ಫಾಕ್ಸ್‌ನಲ್ಲಿ ಅಂಥ ಎಪಿಐ ಇಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಇನ್ನು ಎರರ್‌ಗಳು. ಯೂಸರ್ ಎಂಬ ವೇರಿಯಬಲ್‌ನಲ್ಲಿ ಏನೂ ಇಲ್ಲದಿರುವಾಗ ಯೂಸರ್.ನೇಮ್ ಓದಲು ಹೋದರೆ ಮೂರು ಎಂಜಿನ್‌ಗಳು ಮೂರು ಮಾತು ಹೇಳುತ್ತವೆ. ಅನ್‌ಡಿಫೈನ್ಡ್‌ನಿಂದ ನೇಮ್ ಎಂಬ ಪ್ರಾಪರ್ಟಿಯನ್ನು ಓದಲಾಗದೆಂದು ಕ್ರೋಮ್ ಹೇಳುತ್ತದೆ. ಯಾವ ವೇರಿಯಬಲ್ ಖಾಲಿಯಿತ್ತೆಂದು ಹೇಳುವುದಿಲ್ಲ. ಯೂಸರ್ ಎಂಬುದು ಅನ್‌ಡಿಫೈನ್ಡ್ ಎಂದು ಫೈರ್‌ಫಾಕ್ಸ್ ನೇರವಾಗಿ ಬೆರಳು ತೋರಿಸುತ್ತದೆ. ಅನ್‌ಡಿಫೈನ್ಡ್ ಎಂಬುದು ಆಬ್ಜೆಕ್ಟ್ ಅಲ್ಲವೆಂದು ಹೇಳಿ, ಲೆಕ್ಕ ಹಾಕುತ್ತಿದ್ದ ಯೂಸರ್.ನೇಮ್ ಎಂಬ ಎಕ್ಸ್‌ಪ್ರೆಷನ್ನನ್ನು ಕಂಸದೊಳಗೆ ಕೊಡುವುದು ಸಫಾರಿಯ ಕ್ರಮ. ಸ್ಟ್ಯಾಕ್ ಕೂಡ ಹೀಗೆಯೇ: ಕ್ರೋಮ್‌ನ ವಿ8 ಮೊದಲ ಸಾಲಿನಲ್ಲಿ ಎರರ್‌ನ ಸಂದೇಶ ಬರೆದು, ಆಮೇಲೆ ಪ್ರತಿ ಸಾಲಿನಲ್ಲಿ ಫಂಕ್ಷನ್ ಹೆಸರೂ ಆವರಣದಲ್ಲಿ ಜಾಗವೂ ಬರೆಯುತ್ತದೆ, ಸಾಮಾನ್ಯವಾಗಿ ಹತ್ತು ಸಾಲಿಗೆ ನಿಲ್ಲಿಸುತ್ತದೆ, ಫೈರ್‌ಫಾಕ್ಸ್ ಮತ್ತು ಸಫಾರಿ ಸಂದೇಶ ಬಿಟ್ಟು, ಹೆಸರು ಮತ್ತು ಜಾಗದ ನಡುವೆ @ ಚಿಹ್ನೆ ಹಾಕುತ್ತವೆ. ಸ್ಟ್ಯಾಕ್‌ನ ರೂಪ ಇಂದಿಗೂ ಜಾವಾಸ್ಕ್ರಿಪ್ಟ್‌ನ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲ. ಎಲ್ಲರ ಎರರ್‌ಗಳನ್ನೂ ಒಂದೇ ಪಟ್ಟಿಗೆ ಸೇರಿಸುವ ಸಾಧನ ಬರೆಯುವಾಗ, ಗುಂಪು ಮಾಡಲು ಒಂದು ಸಮಾನ ರೂಪ ಬೇಕೆಂಬುದು ನಿಜ. ಆದರೆ ಮೂಲ ವಾಕ್ಯವನ್ನು ಬಿಸಾಡಬಾರದು. ಮೇಲಿನ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಪೂರ್ತಿ ಉತ್ತರ ಸಿಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಂದೊಂದೂ ಉತ್ತರದ ತುಂಡು.

ಸೋರ್ಸ್ ಮ್ಯಾಪ್‌ಗಳ ವಿಷಯದಲ್ಲಿ ಬ್ರೌಸರ್‌ಗಳು ತಕ್ಕಮಟ್ಟಿಗೆ ಒಂದಾಗಿವೆ, ಮತ್ತು ನಾನು ಹೆಚ್ಚು ಹೊತ್ತು ಕಳೆದದ್ದೂ ಅಲ್ಲೇ. ಕುಗ್ಗಿಸಿದ ಕಡತದ ಯಾವ ಜಾಗ ಮೂಲ ಕಡತದ ಯಾವ ಜಾಗಕ್ಕೆ ಸೇರಿದ್ದೆಂದು ಹೇಳುವ ನಕ್ಷೆ ಅದು. ಇಂದು ಬಳಕೆಯಲ್ಲಿರುವ ಮೂರನೆಯ ಪರಿಷ್ಕರಣೆ 2011ರದು. ಅದು ಒಂದು ಹಂಚಿಕೊಂಡ ದಾಖಲೆಯಾಗಿಯೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿ, 2024ರ ಡಿಸೆಂಬರ್‌ನಲ್ಲಿ ಎಕ್ಮಾ-426 ಎಂಬ ಅಧಿಕೃತ ಸ್ಟ್ಯಾಂಡರ್ಡ್ ಆಯಿತು. ನಕ್ಷೆ ಎಲ್ಲಿದೆಯೆಂದು ಹೇಳುವ ಕಮೆಂಟ್ ಮೊದಲು ಎರಡು ಓರೆಗೆರೆಯ ನಂತರ @ ಚಿಹ್ನೆ ಹಾಕಿ ಬರೆಯುವಂತಿತ್ತು. ಎಕ್ಸ್‌ಪ್ಲೋರರ್‌ನಲ್ಲಿ ಅದೇ ಚಿಹ್ನೆಯ ಕಮೆಂಟ್‌ಗಳಿಗೆ ಷರತ್ತಿನ ಕಂಪೈಲ್ ಎಂಬ ವಿಶೇಷ ಅರ್ಥ ಮೊದಲೇ ಇದ್ದುದರಿಂದ ಗೊಂದಲವಾಯಿತು, @ ಹೋಗಿ # ಬಂತು. ಡೀಬಗ್ ಮಾಡಲೆಂದು ಸೇರಿಸಿದ, ಯಾರೂ ಓಡಿಸದ ಒಂದು ಕಮೆಂಟ್ ಕೂಡ ಬ್ರೌಸರ್‌ಗಳ ನಡುವೆ ಹೊಂದದೆ ಹೋಗಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮಗೆ ಕಾಡಿದ್ದು ಕಾಲಂ ಎಣಿಕೆ. ನಮ್ಮ ಅಪ್ಲಿಕೇಶನ್ ಹಲವು ಭಾಷೆಗಳಲ್ಲಿದೆ, ಕುಗ್ಗಿಸಿದ ಕಡತ ಇಡಿಯಾಗಿ ಒಂದೇ ಸಾಲು, ಆದ್ದರಿಂದ ಜಾಗ ಎಂದರೆ ಕಾಲಂ ಒಂದೇ. ಇಂಗ್ಲಿಷ್ ಬಿಲ್ಡ್‌ನಲ್ಲಿ (ಬಳಕೆಗೆ ಸಿದ್ಧಪಡಿಸಿದ ಇಂಗ್ಲಿಷ್ ಪ್ರತಿಯಲ್ಲಿ) ಬ್ರೇಕ್‌ಪಾಯಿಂಟ್ ಇಟ್ಟ ಜಾಗದಲ್ಲೇ ನಿಲ್ಲುತ್ತಿತ್ತು, ಕನ್ನಡ ಬಿಲ್ಡ್‌ನಲ್ಲಿ ಬೇರೆಲ್ಲೋ ನಿಲ್ಲುತ್ತಿತ್ತು. ಅದೂ ಕ್ರೋಮ್‌ನಲ್ಲಿ ಒಂದು ಕಡೆ, ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು ಕಡೆ, ಏಕೆಂದರೆ ತಪ್ಪು ಜಾಗ ಕೊಟ್ಟಾಗ ನಿಲ್ಲಲು ಯೋಗ್ಯವಾದ ಹತ್ತಿರದ ಜಾಗಕ್ಕೆ ಜಾರಿಸುವ ಕ್ರಮ ಪ್ರತಿ ಬ್ರೌಸರ್‌ಗೂ ತನ್ನದೇ. ಹೀಗಾಗಿ ಇದು ಬ್ರೌಸರ್‌ಗಳ ವ್ಯತ್ಯಾಸವೆಂದೇ ಎಲ್ಲರಿಗೂ ತೋರಿತು. ಕಾರಣ ಇನ್ನೂ ಕೆಳಗಿತ್ತು.

'ನಮಸ್ಕಾರ' ಎಂದು ಬರೆದರೆ ಓದುವವರಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಒತ್ತಕ್ಷರದ ವಿರಾಮ ಮತ್ತು ದೀರ್ಘದ ಚಿಹ್ನೆ ಬೇರೆ ಬೇರೆ ಎಣಿಕೆಯಾಗುವುದರಿಂದ ಏಳು ಕೋಡ್‌ಪಾಯಿಂಟ್ (ಯೂನಿಕೋಡ್ ಸಂಖ್ಯೆ), ಜಾವಾಸ್ಕ್ರಿಪ್ಟ್ ಎಣಿಸುವ ಯುಟಿಎಫ್-16ರಲ್ಲೂ ಏಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೂ ಮೂರು ಬೈಟ್, ಒಟ್ಟು 21. ಬಿಲ್ಡ್‌ಗೆ ನಾವು ಬಳಸುವ ಇಎಸ್‌ಬಿಲ್ಡ್ ಸಾಮಾನ್ಯವಾಗಿ ಆಸ್ಕಿಯಲ್ಲದ, ಅಂದರೆ ಮೂಲ ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಪಟ್ಟಿಯಲ್ಲಿಲ್ಲದ, ಅಕ್ಷರಗಳನ್ನೆಲ್ಲ ಹಿನ್ನೋರೆ ಗೆರೆ (\) ಮತ್ತು ಸಂಖ್ಯೆಯ ಆರು ಚಿಹ್ನೆಗಳಾಗಿ ಬರೆಯುತ್ತದೆ, ಆಗ ಇದೇ ಪದ 42 ಚಿಹ್ನೆ. ಕಡತ ಹಗುರವಾಗಲೆಂದು ಯುಟಿಎಫ್-8ರಲ್ಲೇ ಬರೆಯುವ ಆಯ್ಕೆಯನ್ನು ಹಾಕಿಕೊಂಡಿದ್ದೆವು, ಕನ್ನಡ ಪದಗಳ ಗಾತ್ರ ಅರ್ಧಕ್ಕೆ ಇಳಿಯಿತು. ಆದರೆ ಅದರ ಮುಂದಿನ ಹಂತದಲ್ಲಿ ಕಡತಗಳನ್ನು ಜೋಡಿಸಿ ನಕ್ಷೆಯನ್ನು ತಿದ್ದುವ ಒಂದು ಚಿಕ್ಕ ಪ್ಯಾಕೇಜ್ ಕಾಲಂಗಳನ್ನು ಬೈಟ್‌ಗಳಲ್ಲಿ ಎಣಿಸುತ್ತಿತ್ತು. ಎಲ್ಲವೂ ಆಸ್ಕಿಯಲ್ಲಿದ್ದಾಗ ಬೈಟೂ ಯುಟಿಎಫ್-16 ಘಟಕವೂ ಒಂದೇ, ತಪ್ಪು ಕಾಣುವುದೇ ಇಲ್ಲ. ಕನ್ನಡ ಬಂದ ಕೂಡಲೇ ಪ್ರತಿ 'ನಮಸ್ಕಾರ'ಕ್ಕೂ ಲೆಕ್ಕ 14 ಹೆಜ್ಜೆ ಮುಂದೆ ಸರಿಯುತ್ತದೆ. ಹಳೆಯ ದಾಖಲೆ ಈ ಬಗ್ಗೆ ಸ್ಪಷ್ಟವಾಗಿರಲಿಲ್ಲ. ಜಾವಾಸ್ಕ್ರಿಪ್ಟ್ ಕಡತಗಳ ಕಾಲಂ ಎಂದರೆ ಯುಟಿಎಫ್-16ರ ಘಟಕವೆಂದು ಎಕ್ಮಾ-426 ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷಿಸಿದ ಸಾಧನಗಳ ದೋಷಗಳು ಕನ್ನಡ, ತಮಿಳು, ಹಿಂದಿಯವರ ಪಾಲಿಗೆ ಉಳಿದಿರುತ್ತವೆ. ನಮ್ಮ ಪರೀಕ್ಷಾ ಕಡತಗಳಲ್ಲಿ ಈಗ ಮೊದಲ ಸ್ಟ್ರಿಂಗ್ ಕನ್ನಡದ್ದು, ಅದರ ಪಕ್ಕದಲ್ಲಿ ಯುಟಿಎಫ್-16ರಲ್ಲಿ ಎರಡು ಘಟಕ ತೆಗೆದುಕೊಳ್ಳುವ ಒಂದು ಎಮೋಜಿ.

ಫೋನ್‌ಗಳ ವಿಷಯ ಚಿಕ್ಕದಾಗಿ. ಆಂಡ್ರಾಯ್ಡ್‌ನಲ್ಲಿ ಯುಎಸ್‌ಬಿ ಕೇಬಲ್ ಹಾಕಿ ಯಾವ ಕಂಪ್ಯೂಟರಿನಿಂದಲಾದರೂ ಕ್ರೋಮನ್ನು ನೋಡಬಹುದು, ಫೈರ್‌ಫಾಕ್ಸನ್ನೂ ನೋಡಬಹುದು. ಐಫೋನ್‌ನ ಸಫಾರಿ ನೋಡಲು ಆಪಲ್ ಕೊಟ್ಟಿರುವ ದಾರಿ ಮ್ಯಾಕ್ ಒಂದೇ. ವಿಂಡೋಸ್ ಅಥವಾ ಲಿನಕ್ಸ್ ಲ್ಯಾಪ್‌ಟಾಪ್ ಇರುವವರು ಐಒಎಸ್ ವೆಬ್‌ಕಿಟ್ ಡೀಬಗ್ ಪ್ರಾಕ್ಸಿ ಎಂಬ ಮುಕ್ತ ತಂತ್ರಾಂಶವನ್ನು ಹಿಡಿಯುತ್ತಾರೆ. ಐಒಎಸ್ ಬದಲಾದಾಗಲೆಲ್ಲ ಅದಕ್ಕೆ ಹೊಸ ತೇಪೆ ಬೇಕಾಗುತ್ತದೆ. ಐಫೋನ್‌ನಲ್ಲಿ ಕ್ರೋಮ್ ಎಂಬ ಹೆಸರಿನ ಆಪ್ ಕೂಡ ಒಳಗೆ ವೆಬ್‌ಕಿಟ್ಟೇ ಆಗಿರುವುದರಿಂದ, ಅಲ್ಲಿಯ ಕ್ರೋಮ್‌ನ ದೋಷವನ್ನು ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲವೆಂಬುದನ್ನು ಹೊಸದಾಗಿ ಸೇರಿದ ಟೆಸ್ಟರ್‌ಗಳಿಗೆ ಮೊದಲ ದಿನವೇ ಹೇಳಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2024ರಿಂದ ಬೇರೆ ಎಂಜಿನ್‌ಗಳಿಗೆ ಅನುಮತಿ ಇದೆ, ನಮ್ಮ ಬಳಕೆದಾರರು ಅಲ್ಲಿಲ್ಲ. ಬ್ರೌಸರ್ ಪರೀಕ್ಷೆಗಳನ್ನು ತಾನಾಗಿ ನಡೆಸುವ ಪ್ಲೇರೈಟ್ ಎಂಬ ಸಾಧನದ ವೆಬ್‌ಕಿಟ್ ಓಡಿಸಿ ಸಫಾರಿಯಲ್ಲಿ ಪರೀಕ್ಷಿಸಿದೆವು ಎನ್ನುವವರೂ ಇದ್ದಾರೆ. ಪ್ಲೇರೈಟ್ ಬಳಸುವುದು ತಾನೇ ತೇಪೆ ಹಾಕಿ ಕಟ್ಟಿದ ವೆಬ್‌ಕಿಟ್, ಅಂಗಡಿಯಲ್ಲಿ ಸಿಗುವ ಫೋನಿನ ಸಫಾರಿ ಅಲ್ಲ. ಮೊದಲ ಜರಡಿಯಾಗಿ ಅದು ಬಹಳ ಒಳ್ಳೆಯದು, ಕೊನೆಯ ಮಾತಾಗಿ ಅಲ್ಲ.

ಇಷ್ಟೆಲ್ಲದರ ನಡುವೆ ನಿಜಕ್ಕೂ ಎಲ್ಲರೂ ಕೂತು ಒಪ್ಪಂದಕ್ಕೆ ಬರುತ್ತಿರುವ ಒಂದು ಜಾಗವಿದೆ, ಅದು ಹೊರಗಿನಿಂದ ಬ್ರೌಸರ್ ನಡೆಸುವ ವೆಬ್‌ಡ್ರೈವರ್ ಬೈಡೈ ಎಂಬ ಪ್ರೋಟೋಕಾಲ್. ಸೆಲೆನಿಯಂ ಎಂಬ ಪರೀಕ್ಷಾ ಸಾಧನದಿಂದ ಬೆಳೆದ ವೆಬ್‌ಡ್ರೈವರ್ 2018ರಲ್ಲಿ ವೆಬ್ ಸ್ಟ್ಯಾಂಡರ್ಡ್‌ಗಳ ಸಂಸ್ಥೆಯಾದ ಡಬ್ಲ್ಯೂ3ಸಿಯ ಶಿಫಾರಸಾಯಿತು. ಅದರಲ್ಲಿ ಸಾಧನ ಕೇಳಿದರೆ ಮಾತ್ರ ಬ್ರೌಸರ್ ಹೇಳುತ್ತಿತ್ತು. ಬೈಡೈನಲ್ಲಿ ವೆಬ್‌ಸಾಕೆಟ್ ತೆರೆದಿಟ್ಟರೆ ಬ್ರೌಸರ್ ತಾನಾಗಿಯೇ ಸುದ್ದಿ ಕಳಿಸುತ್ತದೆ: ಕನ್ಸೋಲ್‌ನಲ್ಲಿ ಹೊಸ ಸಾಲು ಬಂತು, ನೆಟ್‌ವರ್ಕ್ ಬೇಡಿಕೆ ಹೊರಟಿತು, ಹೊಸ ಟ್ಯಾಬ್ ತೆರೆಯಿತು. 2017ರಲ್ಲಿ ಕ್ರೋಮ್‌ಗಾಗಿಯೇ ಹುಟ್ಟಿದ, ಬ್ರೌಸರನ್ನು ಪ್ರೋಗ್ರಾಮಿನಿಂದ ನಡೆಸುವ ಲೈಬ್ರರಿಯಾದ ಪಪೆಟಿಯರ್ 2024ರಲ್ಲಿ ಬೈಡೈ ಮೂಲಕ ಫೈರ್‌ಫಾಕ್ಸ್‌ಗೆ ಸ್ಥಿರ ಬೆಂಬಲ ಕೊಟ್ಟಿತು. ಅದಕ್ಕೂ ಮೊದಲು ಸಿಡಿಪಿಯ ಒಂದಿಷ್ಟು ಭಾಗವನ್ನು ತಾನೂ ಆಡಲು ಪ್ರಯತ್ನಿಸಿದ್ದ ಫೈರ್‌ಫಾಕ್ಸ್ ಆ ದಾರಿಯನ್ನು ಕೈಬಿಟ್ಟಿತು, ಅದು ಸರಿಯಾದ ನಿರ್ಧಾರವೆಂದೇ ನನ್ನ ಅನಿಸಿಕೆ. ಒಬ್ಬರ ಒಳಪ್ರೋಟೋಕಾಲನ್ನು ಇನ್ನೊಬ್ಬರು ಅನುಕರಿಸುತ್ತ ಹೋದರೆ, ಮೊದಲನೆಯವರು ತಿಳಿಸದೆ ಬದಲಿಸಿದ ಪ್ರತಿ ಸಣ್ಣ ಸಂಗತಿಗೂ ಎರಡನೆಯವರು ಹೊಣೆಯಾಗಬೇಕಾಗುತ್ತದೆ.

ಆದರೆ ಬೈಡೈನಲ್ಲಿ ಬ್ರೇಕ್‌ಪಾಯಿಂಟ್ ಇಲ್ಲ. ಅದರ ಗುರಿ ಪರೀಕ್ಷೆಗಳನ್ನು ನಡೆಸುವುದು, ನಿಲ್ಲಿಸಿ ಹೆಜ್ಜೆ ಹೆಜ್ಜೆಯಾಗಿ ನಡೆಸುವ ಭಾಗ ಅದರಲ್ಲಿ ಸೇರಿಲ್ಲ. ಎಂಜಿನ್‌ಗಳ ಒಳಗುಟ್ಟು ಹೆಚ್ಚಾಗಿ ಹೊರಬೀಳುವುದು ಆ ಹಂತದಲ್ಲೇ, ವೇಗ ಹೆಚ್ಚಿಸಲು ಎಂಜಿನ್ ಅಳಿಸಿದ ವೇರಿಯಬಲ್‌ಗಳಿಂದ ಹಿಡಿದು ಅಸಿಂಕ್ ಕರೆಗಳ ಸರಪಳಿಯ ತನಕ. ಆದ್ದರಿಂದ ಅದಕ್ಕೆ ಸದ್ಯಕ್ಕೆ ಸಮಾನ ಭಾಷೆ ಬರುತ್ತದೆಂದು ನಾನು ನಿರೀಕ್ಷಿಸುತ್ತಿಲ್ಲ. ನಮ್ಮ ಸಾಧನದ ಮುಂದಿನ ಆವೃತ್ತಿಯನ್ನು ಇದಕ್ಕೆ ತಕ್ಕಂತೆ ಹಂಚಿದ್ದೇವೆ. ಲಾಗ್, ನೆಟ್‌ವರ್ಕ್, ಟ್ಯಾಬ್‌ಗಳ ಸುದ್ದಿ ಬೈಡೈ ಮೂಲಕ ಬರುತ್ತದೆ. ಫಾರಂನ ಸ್ಥಿತಿಯನ್ನು ಪುಟದ ಮುಖ್ಯ ಲೋಕದಲ್ಲಿ ಕುಳಿತ ಸ್ಕ್ರಿಪ್ಟ್ ಜಾತಿ ಸಮೇತ ಸ್ಟ್ರಿಂಗ್ ಮಾಡಿ ಕಳಿಸುತ್ತದೆ. ಪ್ರತಿ ಎರರ್‌ನ ಜೊತೆಗೆ ಅದು ಬಂದ ಬ್ರೌಸರ್‌ನ ಮೂಲ ವಾಕ್ಯವೂ ಮೂಲ ಸ್ಟ್ಯಾಕೂ ಇರುತ್ತದೆ. ನಿಲ್ಲಿಸಬೇಕಾದ ಜಾಗ ಗೊತ್ತಾದ ಮೇಲೆ ಪ್ಯಾನೆಲ್ ಆ ಕಡತವನ್ನು ಆಯಾ ಬ್ರೌಸರ್‌ನ ಸ್ವಂತ ಡೀಬಗರ್‌ನಲ್ಲಿ ತೆರೆಯಲು ನೋಡುತ್ತದೆ, ಅದಕ್ಕೆ ದಾರಿಯಿಲ್ಲದ ಕಡೆ ಕಡತದ ಹೆಸರು, ಸಾಲು, ಕಾಲಂಗಳನ್ನು ಆ ಬ್ರೌಸರ್ ಎಣಿಸುವ ಕ್ರಮದಲ್ಲೇ ಬರೆದುಕೊಟ್ಟು ಸುಮ್ಮನಾಗುತ್ತದೆ.